ಸುರಪುರದ ಟೇಲರ್

ಯಾದಗಿರಿಯಿಂದ ಶಹಾಪುರದ ಮಾರ್ಗವಾಗಿ ದಕ್ಷಿಣಕ್ಕೆ ಸಾಗಿದರೆ ಬೆಟ್ಟಗಳ ನಡುವೆ ಸುರಪುರವು ಕಾಣಿಸುತ್ತದೆ. ಅಲ್ಲಿಯ ಗುಡ್ಡದ ಮೇಲಿರುವ ಬಂಗಲೆಯನ್ನು ಜನರು ‘ಟೇಲರ್ ಮಂಜಿಲ್’ ಎಂದು ಕರೆಯುತ್ತಾರೆ. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರನು ಅರಸುಮನೆತನದವನಲ್ಲ. ವ್ಯಾಪಾರವನ್ನು ಕಲಿಯಲೆಂದು ಕಡಲು ದಾಟಿ ಬಂದ ಆಂಗ್ಲ ಬಾಲಕ.

ಟೇಲರನು 1808ರಲ್ಲಿ ಲಿವರ್‌ಪೂಲಿನಲ್ಲಿ ವರ್ತಕನೊಬ್ಬನ ಮಗನಾಗಿ ಜನಿಸಿದನು. ಹದಿನೈದನೆಯ ವಯಸ್ಸಿನಲ್ಲಿ ಮುಂಬಯಿಯ ವರ್ತಕನೊಬ್ಬನಲ್ಲಿ ಗುಮಾಸ್ತನಾಗಿ ಸೇರಲು ಹೊರಟನು. ಮುಂದೆ ಪಾಲುದಾರನಾಗುವ ಆಸೆಯೂ ಇತ್ತು. ಬಂದು ನೋಡಿದರೆ ಆ ವ್ಯಾಪಾರವೇ ಕುಸಿಯುವ ಸ್ಥಿತಿಯಲ್ಲಿತ್ತು! 1824ರಲ್ಲಿಯೇ ಆತನು ಹೈದರಾಬಾದಿನ ನಿಜಾಮನ ಸೈನ್ಯವನ್ನು ಸೇರಬೇಕಾಯಿತು. ಶಾಲೆಯ ಶಿಕ್ಷಣ ಅರ್ಧಕ್ಕೇ ನಿಂತಿದ್ದರೂ ಕಲಿಯುವ ಹಂಬಲ ನಿಲ್ಲಲಿಲ್ಲ. ಹಿಂದೂಸ್ಥಾನಿ, ಪಾರಸಿ ಭಾಷೆಗಳನ್ನೂ ಕಾನೂನು, ಭೂಮಾಪನಗಳನ್ನೂ ಸ್ವಂತ ಶ್ರಮದಿಂದ ಕಲಿತನು. 1839ರಲ್ಲಿ ಪ್ರಕಟವಾದ ಆತನ ಥಗ್ಗರ ಕಾದಂಬರಿಯು ಇಂಗ್ಲೆಂಡಿನಲ್ಲಿ ಪ್ರಸಿದ್ಧವಾಯಿತು.

ಸುರಪುರವನ್ನು ಆಗ ಬೇಡ ನಾಯಕರು ಆಳುತ್ತಿದ್ದರು. ರಾಜಾ ಕೃಷ್ಣಪ್ಪನಾಯಕನು ತೀರಿಕೊಂಡಾಗ ಆತನ ಮಗ ವೆಂಕಟಪ್ಪನಾಯಕನು ಇನ್ನೂ ಎಳೆಯ ಬಾಲಕ. ರಾಣಿ ಈಶ್ವರಮ್ಮನಿಗೂ ಮೃತ ರಾಜನ ತಮ್ಮ ಪಿಡ್ಡನಾಯಕನಿಗೂ ಅಧಿಕಾರದ ವ್ಯಾಜ್ಯ ಹುಟ್ಟಿತು. ಬೊಕ್ಕಸ ಬರಿದಾಗಿತ್ತು, ನಿಜಾಮನಿಗೆ ಸಲ್ಲಬೇಕಾದ ಹಣದ ಹೊರೆ ಬೇರೆ. ಇಂಥ ಸಮಯದಲ್ಲಿ ಸಂಸ್ಥಾನದ ಆಡಳಿತವು ಟೇಲರನ ಪಾಲಿಗೆ ಬಂದಿತು. ಹತ್ತು ವರ್ಷಕ್ಕೂ ಮಿಕ್ಕಿ ಆತನು ಅಲ್ಲಿ ನಿಂತು ಕೆಲಸ ಮಾಡಿದನು. ಹೊಲಗಳನ್ನು ಅಳೆಯಿಸಿ ಕಂದಾಯವನ್ನು ನಿಗದಿಗೊಳಿಸಿದನು. ರೈತರ ದೂರುಗಳನ್ನು ಅವರ ಬಾಯಿಂದಲೇ ಕೇಳಿದನು. ಬೋನಾಳದ ಕೆರೆಯನ್ನು ಸುಧಾರಿಸಿದನು. ಬಿಡುವಿನಲ್ಲಿ ರಾಜನಕೋಳೂರಿನ ಕಲ್ಗೋರಿಗಳನ್ನೂ ಶಹಾಪುರದ ಸಮೀಪದ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ನಿಂತ ಬಂಡೆಗಳನ್ನೂ ಪರಿಶೀಲಿಸಿ ಬರೆದನು. ದನ ಕಾಯುವವರಿಗಷ್ಟೇ ಪರಿಚಿತವಾಗಿದ್ದ ಆ ಕಲ್ಲುಗಳು ವಿದ್ವಾಂಸರ ಕಣ್ಣಿಗೆ ಬಿದ್ದದ್ದು ಹೀಗೆ.

ಇಷ್ಟಾದರೂ ಆತನು ಪರರ ಅಧಿಕಾರಿ ಎಂಬುದನ್ನು ಮರೆಯಲಾಗದು. ಸುರಪುರದ ಜನರು ಟೇಲರನನ್ನು ಆರಿಸಿಕೊಂಡಿರಲಿಲ್ಲ. ಮೇಲಿನವರ ಅಪ್ಪಣೆ ಬಂದಾಗ ಆತನು ಹೊರಡಲೇಬೇಕಿತ್ತು. ಬಾಲಕ ರಾಜನು ಮಾತ್ರ ಆತನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. 1853ರಲ್ಲಿ ಪ್ರಾಯಕ್ಕೆ ಬಂದ ವೆಂಕಟಪ್ಪನಾಯಕನಿಗೆ ಸಂಸ್ಥಾನವನ್ನು ಒಪ್ಪಿಸಿ ಟೇಲರನು ಬೇರೆ ಸೀಮೆಗೆ ತೆರಳಿದನು.

ನಾಲ್ಕು ವರ್ಷಗಳ ತರುವಾಯ ಉತ್ತರದಲ್ಲಿ ದಂಗೆಯ ಕಿಚ್ಚು ಹೊತ್ತಿತು. 1858ರ ಫೆಬ್ರವರಿಯಲ್ಲಿ ಸುರಪುರಕ್ಕೆ ಬಂದಿಳಿದ ಬ್ರಿಟಿಷ್ ಪಡೆಯ ಮೇಲೆ ನಾಯಕನ ಜನರು ರಾತ್ರಿಯಲ್ಲಿ ಎರಗಿದರು. ಕೋಟೆ ಕೈಬಿಟ್ಟಿತು; ಹೈದರಾಬಾದಿಗೆ ಹೋದ ರಾಜನು ಸೆರೆಸಿಕ್ಕನು. ಟೇಲರನು ಸೆರೆಮನೆಗೆ ಹೋಗಿ ಆತನನ್ನು ಕಂಡನು. ಸಾವಿಗೆ ಅಂಜುವವನು ತಾನಲ್ಲ, ಆದರೆ ಕಳ್ಳನಂತೆ ತನ್ನನ್ನು ಗಲ್ಲಿಗೇರಿಸಬಾರದು ಎಂಬುದಷ್ಟೇ ಆ ತರುಣನ ಬೇಡಿಕೆಯಾಗಿತ್ತು. ಮರಣದಂಡನೆಯು ಕಡಿಮೆಯಾಗುತ್ತ ಬಂದು ಕೊನೆಗೆ ನಾಲ್ಕು ವರ್ಷಗಳ ಸೆರೆಯಾಯಿತು. ಆದರೆ ಚೆಂಗಲ್‌ಪಟ್ಟಿನ ಕೋಟೆಗೆ ಒಯ್ಯುತ್ತಿದ್ದಾಗ, ಆ ವರ್ಷದ ಮೇ ತಿಂಗಳಿನಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ರಾಜನು ಮಡಿದನು. ಆತನು ತಾನೇ ಗುಂಡು ಹಾರಿಸಿಕೊಂಡನೆಂದು ಟೇಲರನ ಆತ್ಮಕಥೆಯು ಹೇಳುತ್ತದೆ.

ಸುರಪುರವು ನಿಜಾಮನ ವಶವಾಯಿತು. 1860ರಲ್ಲಿ ಟೇಲರನು ತಾಯ್ನಾಡಿಗೆ ಮರಳಿ, 1876ರಲ್ಲಿ ಫ್ರಾನ್ಸಿನ ಮೆಂಟನ್ ಎಂಬಲ್ಲಿ ತೀರಿಕೊಂಡನು. ಮರುವರ್ಷ ಆತನ ಮಗಳು ಆ ಆತ್ಮಕಥೆಯನ್ನು ಪ್ರಕಟಿಸಿದಳು.