ಆರ್ಚೆಯ ಮಡು

ಮೊಸಳೆಯೆಂದೊಡನೆ ತುಂಬಿ ಹರಿಯುವ ಹೊಳೆ, ದಡದ ಜೊಂಡು, ಆಳವಾದ ನೀರು ನೆನಪಿಗೆ ಬರುತ್ತವೆ. ಒಂಟೆಯೆಂದೊಡನೆ ಮರಳಿನ ದಿಣ್ಣೆಗಳು ಕಣ್ಣಿಗೆ ಕಟ್ಟುತ್ತವೆ. ಈ ಎರಡು ಪ್ರಾಣಿಗಳೂ ಒಂದೇ ನೀರನ್ನು ಆಶ್ರಯಿಸಿ ಬಾಳುವ ಸ್ಥಳವೊಂದು ಭೂಮಿಯ ಮೇಲಿದೆಯೆಂದರೆ ಕೇಳಿದವರು ಅಚ್ಚರಿಪಡುವುದು ಸಹಜವೇ ಸರಿ.

ಆಫ್ರಿಕ ಖಂಡದ ಚಾಡ್ ದೇಶದ ಈಶಾನ್ಯ ಭಾಗದಲ್ಲಿ, ಸಹಾರಾ ಮರುಭೂಮಿಯ ನಡುವೆ ಎನ್ನೆಡಿ ಎಂಬ ಪ್ರಸ್ಥಭೂಮಿಯಿದೆ. ಮರಳುಗಲ್ಲಿನ ಈ ನೆಲವನ್ನು ಗಾಳಿಯೂ ನೀರೂ ಯುಗಯುಗಗಳಿಂದ ಕೊರೆದು ಕಮಾನು, ಕಂಬ, ಗೋಪುರಗಳನ್ನಾಗಿ ಕಡೆದಿಟ್ಟಿವೆ. ದೇಶದ ರಾಜಧಾನಿಯಾದ ಎನ್‌ಜಮೇನಾದಿಂದ ನೆಲದ ಮಾರ್ಗವಾಗಿ ಇಲ್ಲಿಗೆ ಬರಬೇಕಾದರೆ ಹಲವು ದಿನಗಳ ಪ್ರಯಾಣ. ಹತ್ತಿರದ ಊರೆಂದರೆ ಫಾದಾ ಎಂಬ ಸಣ್ಣ ಪಟ್ಟಣ. ಈ ಪ್ರಸ್ಥಭೂಮಿಯ ಒಂದು ಕಿರಿದಾದ ಕಣಿವೆಯಲ್ಲಿ ವರ್ಷವಿಡೀ ನೀರು ನಿಂತಿರುತ್ತದೆ. ಬಂಡೆಗಳ ನಡುವೆ ನಿಲ್ಲುವ ಇಂಥ ಮಡುವಿಗೆ ಸಹಾರಾದ ಜನ ‘ಗೆಲ್ಟಾ’ ಎನ್ನುತ್ತಾರೆ. ಇದು ಆರ್ಚೆಯ ಗೆಲ್ಟಾ.

ಎನ್ನೆಡಿಯಲ್ಲಿ ಮಳೆ ಬೀಳುವುದು ಬೇಸಗೆಯ ಒಂದೆರಡು ತಿಂಗಳು ಮಾತ್ರ, ಅದೂ ಅಲ್ಪ. ಹಾಗಿದ್ದೂ ಮಡು ಬತ್ತುವುದಿಲ್ಲ. ಬಿದ್ದ ಮಳೆಯ ಒಂದಂಶವನ್ನು ಮರಳುಗಲ್ಲು ತನ್ನೊಳಗೆ ಹೀರಿಕೊಂಡು, ಬುಡದಲ್ಲಿ ಮೆಲ್ಲಮೆಲ್ಲನೆ ಒಸರಿಸುತ್ತದೆ. ಇಕ್ಕೆಲದಲ್ಲಿ ಗೋಡೆಯಂತೆ ಎದ್ದುನಿಂತ ಬಂಡೆಗಳ ನೆರಳು ಬಿಸಿಲಿನ ಝಳವನ್ನು ತಡೆಯುತ್ತದೆ.

ದೂರದೂರದ ಮೇವಿನ ನೆಲಗಳಿಂದ ಪಶುಪಾಲಕರು ತಮ್ಮ ಒಂಟೆಗಳನ್ನು ಈ ನೀರಿಗೆ ಅಟ್ಟಿಕೊಂಡು ಬರುತ್ತಾರೆ. ಒಮ್ಮೊಮ್ಮೆ ನೂರಾರು ಒಂಟೆಗಳು ಏಕಕಾಲದಲ್ಲಿ ಕಣಿವೆಯನ್ನು ತುಂಬುತ್ತವೆ. ಅವುಗಳ ಕೂಗು ಬಂಡೆಯಿಂದ ಬಂಡೆಗೆ ಬಡಿದು ಮಾರ್ದನಿಗೊಳ್ಳುತ್ತದೆ. ಬಾಯಾರಿದ ಒಂಟೆಯೊಂದು ಹತ್ತು ಹದಿನೈದು ನಿಮಿಷಗಳಲ್ಲಿ ಸುಮಾರು 100 ಲೀಟರ್ ನೀರನ್ನು ಕುಡಿಯಬಲ್ಲದು. ಅವು ಕುಡಿಯುತ್ತವೆ, ನೀರಿನಲ್ಲಿಯೇ ನಿಲ್ಲುತ್ತವೆ, ಅಲ್ಲಿಯೇ ಹಿಕ್ಕೆ ಹಾಕುತ್ತವೆ. ಹೀಗಾಗಿ ಮಡುವಿನ ನೀರು ಕಪ್ಪಾಗಿದೆ. ಕಂಡವರು ಮೂಗು ಮುಚ್ಚಿಕೊಂಡರೆ ಆಶ್ಚರ್ಯವಿಲ್ಲ.

ಆದರೆ ಆ ಹೊಲಸೇ ಇಲ್ಲಿನ ಅನ್ನ. ಒಂಟೆಯ ಹಿಕ್ಕೆ ಗೊಬ್ಬರವಾಗಿ ನೀರಿನಲ್ಲಿ ಪಾಚಿ ಬೆಳೆಯುತ್ತದೆ. ಪಾಚಿಯನ್ನು ತಿಂದು ಮೀನುಗಳು ಬದುಕುತ್ತವೆ. ಮೀನುಗಳನ್ನು ತಿಂದು ಮೊಸಳೆಗಳು ಬದುಕುತ್ತವೆ. ಬರಡು ಬಂಡೆಗಳ ನಡುವಿನ ಈ ಸಣ್ಣ ನೀರಿಗೆ ಹೊರಗಿನ ಮೇವಿನ ಸಾರವನ್ನು ಹೊತ್ತು ತಂದು ಸುರಿಯುವುದು ಒಂಟೆಯೇ. ಈ ಮಡುವಿಗೆ ಬೇಲಿ ಹಾಕಿ, ಒಂಟೆಗಳನ್ನು ಹೊರಗಟ್ಟಿ, ನೀರನ್ನು ‘ಶುದ್ಧ’ಗೊಳಿಸಲು ಹೊರಟ ಪುಣ್ಯಾತ್ಮನು ಮೊಸಳೆಗಳನ್ನು ಹಸಿವಿಗೆ ದೂಡಿದಂತಾದೀತು!

ಹಾಗಾದರೆ ಸುತ್ತ ನೂರಾರು ಮೈಲಿ ಮರಳಿರುವ ಈ ಎಡೆಗೆ ಮೊಸಳೆ ಬಂದುದಾದರೂ ಹೇಗೆ? ಅದು ಮರಳನ್ನು ದಾಟಿ ಬರಲಿಲ್ಲ. ಮರಳೇ ಅದನ್ನು ಸುತ್ತುವರಿಯಿತು. ಸುಮಾರು 11,000 ವರ್ಷಗಳಿಂದ 5,000 ವರ್ಷಗಳ ಹಿಂದಿನವರೆಗೆ ಸಹಾರಾ ಹಸುರು ನಾಡಾಗಿತ್ತು. ಭೂಮಿಯ ಅಕ್ಷದ ನಿಧಾನವಾದ ತೊನೆದಾಟದ ದೆಸೆಯಿಂದ ಅಂದು ಉತ್ತರಾರ್ಧಗೋಳದ ಬೇಸಗೆ ಇಂದಿಗಿಂತ ತೀಕ್ಷ್ಣವಾಗಿತ್ತು. ಆ ಕಾವು ಮಳೆಯ ಮಾರುತಗಳನ್ನು ಒಳನಾಡಿನವರೆಗೂ ಸೆಳೆದು ತರುತ್ತಿತ್ತು. ಚಾಡ್ ಸರೋವರ 3 ಲಕ್ಷ ಚದರ ಕಿಲೋಮೀಟರಿಗೂ ಮಿಗಿಲಾಗಿ ಹರಡಿತ್ತು. ಮಳೆಯ ಮಾರುತಗಳು ಹಿಂದೆಗೆದಂತೆ ಹೊಳೆಗಳು ಬತ್ತಿದವು. ನೀರು ಉಳಿದ ಕಡೆ ಮಾತ್ರ ಮೊಸಳೆಗಳು ಉಳಿದವು. ಎನ್ನೆಡಿಯ ಗುಹೆಗಳ ಗೋಡೆಗಳೂ ಇದೇ ಕಥೆಯನ್ನು ಹೇಳುತ್ತವೆ. ಮಾಂಡಾ ಗೇಲಿ ಎಂಬ ಗುಹೆಯಲ್ಲಿ ಪ್ರಾಚೀನರು ಬರೆದ ದನಗಳ ಚಿತ್ರಗಳ ಮೇಲೆಯೇ ಮುಂದಿನ ಕಾಲದವರು ಒಂಟೆಗಳನ್ನು ಚಿತ್ರಿಸಿದ್ದಾರೆ. ಹುಲ್ಲುಗಾವಲು ಮರುಭೂಮಿಯಾದ ಚರಿತ್ರೆ ಒಂದೇ ಗೋಡೆಯ ಮೇಲೆ ಪದರಪದರವಾಗಿ ನಿಂತಿದೆ.

ಆರ್ಚೆಯ ಮೊಸಳೆ ನೈಲ್ ನದಿಯ ದೈತ್ಯ ಮೊಸಳೆಯಲ್ಲ. ಅದು ಪಶ್ಚಿಮ ಆಫ್ರಿಕದ ಬೇರೊಂದು ಪ್ರಭೇದಕ್ಕೆ ಸೇರಿದ್ದು. ಫ್ರೆಂಚ್ ವಿಜ್ಞಾನಿ ಜೆಫ್ರುವಾ ಸೈಂಟ್-ಇಲೇರ್ 1807ರಲ್ಲಿಯೇ ಈಜಿಪ್ಟಿನ ಮಮ್ಮಿಗಳ ಆಧಾರದಿಂದ ಇದನ್ನು ಬೇರೆಯೆಂದು ಹೇಳಿದ್ದನು. ವಿದ್ವಾಂಸರು ಬಹುಕಾಲ ಒಪ್ಪಲಿಲ್ಲ. ವಂಶವಾಹಿಗಳ ಪರೀಕ್ಷೆಯಿಂದ 2011ರಲ್ಲಿ ಅವನ ಮಾತೇ ನಿಜವೆಂದು ತಿಳಿದುಬಂತು. ಇಕ್ಕಟ್ಟಾದ ನೀರಿಗೂ ಮಿತವಾದ ಆಹಾರಕ್ಕೂ ತಕ್ಕಂತೆ ಆರ್ಚೆಯ ಮೊಸಳೆಗಳ ಮೈ ಕಿರಿದಾಗಿದೆ. ಅವು ಒಂಟೆಗಳ ಗೊಡವೆಗೆ ಹೋಗುವುದಿಲ್ಲ.

ಮಡುವಿನ ಸುತ್ತಲೂ ಬೇರೆ ಜೀವಿಗಳಿಲ್ಲದಿಲ್ಲ. ಎನ್ನೆಡಿಯ ಕಡಿದಾದ ಬಂಡೆಗಳಲ್ಲಿ ಬಾರ್ಬರಿ ಕುರಿಗಳಿವೆ, ಬಬೂನ್ ಕೋತಿಗಳಿವೆ. ಬಯಲಿನಲ್ಲಿ ಡಾರ್ಕಾಸ್ ಜಿಂಕೆಗಳಿವೆ. ಇವು ಎಲೆಗಳ ತೇವದಿಂದಲೇ ದಾಹ ತೀರಿಸಿಕೊಂಡು ಬಹುಕಾಲ ನೀರಿಲ್ಲದೆ ಇರಬಲ್ಲವು. ಮೊಸಳೆಗೆ ಆ ಭಾಗ್ಯವಿಲ್ಲ. ಈ ಮಡು ಬಿಟ್ಟರೆ ಅದಕ್ಕೆ ಹೋಗಲು ಇನ್ನೊಂದು ನೀರಿಲ್ಲ.

ಅವುಗಳ ಸಂಖ್ಯೆಯೋ ಬೆರಳೆಣಿಕೆಯಷ್ಟು. ಹೊರಗಿನಿಂದ ಹೊಸ ರಕ್ತ ಬಂದು ಸೇರುವಂತಿಲ್ಲ. ಹತ್ತಿರದ ಬಂಧುಗಳ ನಡುವೆಯೇ ಸಂತತಿ ಮುಂದುವರಿಯಬೇಕಾದುದರಿಂದ ವಂಶ ದುರ್ಬಲವಾಗುವ ಭಯವಿದೆ. ಆಲ್ಜೀರಿಯದ ತಸ್ಸಿಲಿ ಬೆಟ್ಟಗಳ ಮಡುಗಳಲ್ಲಿಯೂ ಇಂಥ ಮೊಸಳೆಗಳಿದ್ದವು. 20ನೆಯ ಶತಮಾನದ ಪೂರ್ವಾರ್ಧದಲ್ಲಿ ಅವು ಬಂದೂಕಿಗೆ ಬಲಿಯಾಗಿ ಇಲ್ಲವಾದವು. ಸಾವಿರಾರು ವರ್ಷಗಳ ಬರವನ್ನು ಗೆದ್ದಿದ್ದ ಕುಲ ಕೆಲವು ಗುಂಡುಗಳನ್ನು ಗೆಲ್ಲಲಾರದೆ ಹೋಯಿತು.

ಎನ್ನೆಡಿಯನ್ನು ಯುನೆಸ್ಕೊ 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ದಿನನಿತ್ಯ ಆ ನೀರಿನ ಬಳಿ ಇರುವವರು ಪಶುಪಾಲಕರೇ. ಸಹಾರಾದ ಪಶ್ಚಿಮದ ಅಂಚಿನಲ್ಲಿರುವ ಮಾರಿಟೇನಿಯ ದೇಶದಲ್ಲಿಯೂ ಇಂಥ ಮೊಸಳೆ ಮಡುಗಳುಂಟು. ಮೊಸಳೆ ಹೋದರೆ ಅದರ ಹಿಂದೆಯೇ ನೀರೂ ಹೋಗುತ್ತದೆಂದು ನಂಬಿ ಅಲ್ಲಿನ ಜನ ಅವುಗಳನ್ನು ಕೊಲ್ಲದೆ ಬಿಟ್ಟಿದ್ದಾರೆ.