ಹಲ್ಲಿನ ಮೇಲೆ ತಪ್ಪು ಹೊರಿಸಬೇಡ

ಮಗಳೇ, ನೀನು ಓದಿದವಳು, ಚುರುಕಿನವಳು. ಆದರೆ ಕೂಸಿಗೆ ನಾಲ್ಕು ಸಲ ನೀರಾಗಿ ಭೇದಿಯಾದರೂ ‘ಹಲ್ಲು ಬರ್ತಿದೆ ಬಿಡಜ್ಜಿ’ ಅಂತ ಮತ್ತೆ ಫೋನು ನೋಡುತ್ತೀಯಲ್ಲ, ಅದು ನನಗೆ ಸರಿಬರುವುದಿಲ್ಲ. ಹಲ್ಲಿನಿಂದ ಭೇದಿಯಾಗುವುದಿಲ್ಲ. ಹಲ್ಲು ಮೂಡುವ ಹೊತ್ತಿಗೇ ಕೂಸು ಅಂಬೆಗಾಲಿಡುತ್ತದೆ, ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ನೆಲದ ಹೊಲಸು ಹೊಟ್ಟೆ ಸೇರುವುದು ಹಾಗೆ.

ನೀರಿನ ಮಾತು ಕೇಳು. ಹರಿಹರದ ಮಗ್ಗುಲಲ್ಲೇ ತುಂಗಭದ್ರೆ ಇದೆ, ದಾವಣಗೆರೆಗೂ ಆ ಹೊಳೆ ಮತ್ತು ಭದ್ರಾ ನಾಲೆಯೇ ಗತಿ. ಆದರೂ ಬೇಸಿಗೆಯಲ್ಲಿ ನಲ್ಲಿ ದಿನಾ ಬರುವುದಿಲ್ಲ. ನೀರು ನಿಂತಾಗ ಒಡೆದ ಪೈಪು ಚರಂಡಿಯ ಹೊಲಸನ್ನು ಒಳಗೆಳೆದುಕೊಳ್ಳುತ್ತದೆ. ಮೊದಲು ಬರುವ ನೀರು ಹೋಗಲಿ ಬಿಡು. ತುಂಬಿಟ್ಟ ಕೊಡಕ್ಕೆ ಮನೆಮಂದಿಯೆಲ್ಲ ಲೋಟದ ಜೊತೆ ಬೆರಳೂ ಅದ್ದುತ್ತಾರೆ. ಮುಚ್ಚಿಡು, ಉದ್ದ ಹಿಡಿಕೆಯ ಸೌಟಿಡು, ಕೂಸಿನ ನೀರು ಕುದಿಸಿ ಆರಿಸು.

ಎಲ್ಲಕ್ಕಿಂತ ನನಗೆ ಸಿಟ್ಟು ಆ ಹಾಲಿನ ಬಾಟಲಿಯ ಮೇಲೆ. ಅದರ ರಬ್ಬರಿನೊಳಗೆ ಅಂಟಿದ ಹಾಲು ತೊಳೆದರೂ ಸುಲಭಕ್ಕೆ ಹೋಗದು. ಆರು ತಿಂಗಳು ತುಂಬುವ ತನಕ ಎದೆಹಾಲೊಂದೇ ಸಾಕು. ನೀರು ಬೇಡ, ಜೇನು ಬೇಡ, ನಮ್ಮೂರಿನ ಉರಿಬಿಸಿಲಲ್ಲೂ ಬೇಡ. ಆಮೇಲೆ ರಾಗಿ ಸರಿ ಶುರುಮಾಡು, ಬಟ್ಟಲು ಚಮಚದಲ್ಲಿ. ಬೆಳಿಗ್ಗೆ ಕಾಸಿದ್ದನ್ನು ಸಂಜೆಗೆ ತಿನ್ನಿಸಬೇಡ. ಕೂಸಿನ ಹೇಲು ಹೊಲಸಲ್ಲ ಅನ್ನುವವರಿದ್ದಾರೆ, ಅವರ ಮಾತು ಕಿವಿಗೆ ಹಾಕಿಕೊಳ್ಳಬೇಡ. ತೊಳೆಸಿದ ಕೈಗೆ ಸೋಪು ಬೀಳಲೇಬೇಕು.

ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಭೇದಿ ತಡೆಯಲು ಬಾಯಿಗೆ ಹಾಕುವ ರೋಟಾ ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಊರಿಗೆ ಹೋಗಿದ್ದೆ, ಮದುವೆ ಇತ್ತು ಅನ್ನುವ ನೆಪ ಬೇಡ.

ಇಷ್ಟಾದರೂ ಭೇದಿಯಾದರೆ ಹಾಲು, ಅನ್ನ ನಿಲ್ಲಿಸಿ ಹೊಟ್ಟೆಗೆ ವಿಶ್ರಾಂತಿ ಕೊಡುತ್ತೇನೆ ಅಂತ ಹೊರಡಬೇಡ. ಸೊರಗಿದ ಕೂಸಿಗೆ ಭೇದಿ ಬೇಗ ಬರುತ್ತದೆ, ಬೇಗ ಬಿಡುವುದಿಲ್ಲ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ ಗುಟುಕು ಗುಟುಕಾಗಿ ಕುಡಿಸು. 24 ಗಂಟೆ ಕಳೆದರೆ ಚೆಲ್ಲಿ ಹೊಸದು ಮಾಡು. ಡಾಕ್ಟರು ಕೊಟ್ಟ ಜಿಂಕ್ ಮಾತ್ರೆ, ಭೇದಿ ನಿಂತರೂ 14 ದಿನ ತಪ್ಪಿಸಬೇಡ. ಕಣ್ಣು ಗುಳಿಬಿದ್ದರೆ, ಉಚ್ಚೆ ನಿಂತರೆ, ರಕ್ತ ಕಂಡರೆ, ಕೂಸು ಮಂಕಾಗಿ ಕುಡಿಯದಿದ್ದರೆ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ ಬಾಪೂಜಿ ಮಕ್ಕಳ ಆಸ್ಪತ್ರೆಗೋ ಆಗಲೇ ಎತ್ತಿಕೊಂಡು ಓಡು. ಬೆಳಗಾಗಲಿ ಅಂತ ಕಾಯಬೇಡ.