4 ಲಕ್ಷದ ವ್ಯಾಪಾರ, 18 ಸಾವಿರದ ಗಳಿಕೆ

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ಯುಪಿಐ ಜಮೆಗಳ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟ ದಿನಗಳವು. ದಿನಸಿ ಅಂಗಡಿ ಇಟ್ಟಿರುವ ನನ್ನಣ್ಣನಿಗೆ ನೋಟಿಸ್ ಬಂದಿರಲಿಲ್ಲವಾದರೂ ನಿದ್ದೆ ಹಾರಿಹೋಗಿತ್ತು. ‘ನನಗೆಲ್ಲಿದೆಯೋ ಅಷ್ಟು ಆದಾಯ?’ ಎಂದು ಲೆಕ್ಕದ ಪುಸ್ತಕ ತಂದು ಮುಂದಿಟ್ಟ.

ತಿಂಗಳಿಗೆ ಸುಮಾರು 4 ಲಕ್ಷ ರೂಪಾಯಿ ವ್ಯಾಪಾರ. ಸರಕಿನ ಅಸಲು ಕಳೆದರೆ ಸಿಗುವ ಮಾರ್ಜಿನ್ ಶೇ 12, ಅಂದರೆ 48 ಸಾವಿರ. ಅದರಲ್ಲಿ ಬಾಡಿಗೆ 14 ಸಾವಿರ, ಕೆಲಸದ ಹುಡುಗನ ಸಂಬಳ 12 ಸಾವಿರ, ಕರೆಂಟ್ ಬಿಲ್ 4 ಸಾವಿರ. ಉಳಿಯುವುದು 18 ಸಾವಿರ. ಬೆಳಿಗ್ಗೆ ಆರಕ್ಕೆ ಷಟರ್ ಎತ್ತಿ ರಾತ್ರಿ ಹತ್ತಕ್ಕೆ ಇಳಿಸುವ ಅಣ್ಣ–ಅತ್ತಿಗೆ ಇಬ್ಬರ ದುಡಿಮೆಗೂ ಸೇರಿ ಇಷ್ಟೇ.

ಜಿಎಸ್‌ಟಿ ಈ 18 ಸಾವಿರವನ್ನು ಕೇಳುವುದೇ ಇಲ್ಲ. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ, ಲಾಭವಿರಲಿ ನಷ್ಟವಿರಲಿ. ಅಣ್ಣನದು 48 ಲಕ್ಷ. ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಸರಕನ್ನಷ್ಟೇ ಮಾರುವವರಿಗೆ ನೋಂದಣಿ ಬೇಡ. ಅದರ ಜೊತೆ ಸೋಪು, ಬಿಸ್ಕತ್ತು ಇಟ್ಟಿರೋ, ಹಾಲಿನ ಹಣವೂ ಆ 40 ಲಕ್ಷದ ಎಣಿಕೆಗೆ ಸೇರುತ್ತದೆ.

ಜಿಎಸ್‌ಟಿಯಲ್ಲಿ ಸಣ್ಣ ವ್ಯಾಪಾರಿಗಳಿಗೆಂದೇ ಇರುವ ಕಾಂಪೊಸಿಷನ್ ಸ್ಕೀಮ್‌ಗೆ ಸೇರಿದರೆ ತೆರಿಗೆ ಶೇ 1 ತಾನೇ ಎನ್ನುತ್ತಾರೆ. ಆ ಒಂದು ಪರ್ಸೆಂಟ್ ಬೀಳುವುದು ವಹಿವಾಟಿನ ಮೇಲೆ. ಗಿರಾಕಿಯಿಂದ ವಸೂಲು ಮಾಡುವಂತೆಯೂ ಇಲ್ಲ. ತಿಂಗಳಿಗೆ 3 ಲಕ್ಷದಷ್ಟು ತೆರಿಗೆಯ ಸರಕು ಮಾರಿದರೆ 3 ಸಾವಿರ ಕಟ್ಟಬೇಕು. ಅದು ಅಣ್ಣನ ಗಳಿಕೆಯ ಆರನೇ ಒಂದು ಪಾಲು. ಇದನ್ನು ಸಣ್ಣ ಹೊರೆ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

ಪುಸ್ತಕಕ್ಕೂ ಬ್ಯಾಂಕ್ ಖಾತೆಗೂ ತಾಳೆಯಾಗದ್ದು ಇನ್ನೊಂದು ಗೋಜಲು. ಭಾವ ತೀರಿಸಿದ ಕೈಸಾಲ, ಅತ್ತಿಗೆ ಎತ್ತಿದ ಚೀಟಿಯ ದುಡ್ಡು ಎಲ್ಲವೂ ಅಂಗಡಿಯ ಕ್ಯುಆರ್ ಕೋಡ್‌ಗೇ ಬಿದ್ದಿದ್ದವು. ಅವು ವ್ಯಾಪಾರವೂ ಅಲ್ಲ, ಆದಾಯವೂ ಅಲ್ಲ. ಖಾತೆಯಲ್ಲಿ ಮಾತ್ರ ಎಲ್ಲವೂ ಜಮೆ. ನಾಳೆ ಯಾರಾದರೂ ಕೇಳಿದರೆ ಯಾವ ಹಣ ಯಾವುದೆಂದು ತೋರಿಸಬೇಕಾದವನು ಅಂಗಡಿಯವನೇ.

ಅಣ್ಣ ಈಗ ನೋಂದಣಿ ಮಾಡಿಸಿ, ಅಂಗಡಿಗೆಂದೇ ಚಾಲ್ತಿ ಖಾತೆ ತೆರೆದಿದ್ದಾನೆ. ನೀವೂ ಅಂಗಡಿ ಇಟ್ಟಿದ್ದು, ಮನೆಯ ಹಣಕ್ಕೂ ಗಲ್ಲಾದ ಹಣಕ್ಕೂ ಒಂದೇ ಕ್ಯುಆರ್ ಬಳಸುತ್ತಿದ್ದರೆ ಈ ವಾರವೇ ಬೇರೆ ಮಾಡಿಕೊಳ್ಳಿ. ವಹಿವಾಟು 40 ಲಕ್ಷ ಮುಟ್ಟುವ ಮೊದಲೇ ಲೆಕ್ಕಪರಿಶೋಧಕರನ್ನು ಕಾಣಿ.